ತಿದಿಯಿಲ್ಲದ ಕುಲುಮೆ

ಕಬ್ಬಿಣದ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಸುತ್ತಿಗೆಗೆ ಕೈ ಹಾಕುತ್ತಾರೆ. ಹಾಕಲಿ, ತಪ್ಪೇನಿಲ್ಲ. ನಾನು ಮಾತ್ರ ಗಾಳಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನನ್ನ ಕೆಲಸ ಶುರುವಾದದ್ದು ಅಲ್ಲಿಂದ. ಮದುವೆಯಾಗಿ ಬಂದ ಹೊಸತರಲ್ಲೇ ನನ್ನನ್ನು ತಿದಿಯ ಮುಂದೆ ಕೂರಿಸಿದರು. ತಿದಿ ಎಂದರೆ ಕುಲುಮೆಗೆ ಗಾಳಿ ಊದುವ ತೊಗಲಿನ ಚೀಲ. ಅದರ ಕೋಲನ್ನು ಎಳೆದು ಬಿಟ್ಟರೆ ಅದು ಉಸಿರು ತೆಗೆದುಕೊಂಡು ಉಸಿರು ಬಿಡುತ್ತದೆ, ಬೂದಿಯೊಳಗಿನ ಕೆಂಡ ಕಣ್ಣು ತೆರೆಯುತ್ತದೆ.

ನನಗೆ ಓದು ಬರಹ ಬರುವುದಿಲ್ಲ. ನಾನು ಹೇಳುತ್ತ ಹೋಗುತ್ತೇನೆ, ಮೊಮ್ಮಗಳು ಅದನ್ನು ಸಾಲೆಯ ಕನ್ನಡಕ್ಕೆ ತಿರುಗಿಸಿ ಬರೆದುಕೊಳ್ಳುತ್ತಾಳೆ. ಯಾರಾದರೂ ಆಡಿದ ಮಾತು ಬಂದಾಗ ಅದನ್ನು ಆಡಿದ ಹಾಗೆಯೇ ಇಡು ಎಂದಿದ್ದೇನೆ. ಯಜಮಾನರ ಹೆಸರು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಮೋನಪ್ಪ ಎಂದು ಅವಳೇ ಬರೆದಿದ್ದಾಳೆ, ಇರಲಿ. ನನ್ನ ಹೆಸರು ಕಾಳಮ್ಮ.

ನಿಜಾಮರ ಆಳ್ವಿಕೆಯ ಕಾಲ ಅದು. ಕಲಬುರ್ಗಿಯಲ್ಲಿ, ಮೋಮಿನಪುರದ ಅಂಚಿಗೆ ನಮ್ಮದೊಂದು ಕಮ್ಮಾರಸಾಲೆ. ಹಿಂದಿನ ಕೋಣೆಗಳಲ್ಲಿ ಮನೆ, ಮುಂದಿನ ಪಡಸಾಲೆಯಲ್ಲಿ ಕುಲುಮೆ. ಕೋಟನೂರಿನ ರೈತರು ನೇಗಿಲ ಕುಳ ಚೂಪು ಮಾಡಿಸಲು ಬರುತ್ತಿದ್ದರು. ಟಾಂಗಾದವರು ಚಕ್ರದ ಪಟ್ಟಿಗೆ, ಕಟುಕರು ಚೂರಿಗೆ, ಗಂಜಿನ, ಎಂದರೆ ಕಾಳುಕಡಿ ಪೇಟೆಯ, ವ್ಯಾಪಾರಿಗಳು ತಕ್ಕಡಿಯ ಕೊಂಡಿಗೆ ಬರುತ್ತಿದ್ದರು. ಯಜಮಾನರು ಬಡಿಯುತ್ತಿದ್ದರು, ನಾನು ತಿದಿ ಎಳೆಯುತ್ತಿದ್ದೆ. ದೊಡ್ಡ ಕೆಲಸವಿದ್ದರೆ ತಿದಿ ಬಿಟ್ಟೆದ್ದು ಎದುರಿಗೆ ನಿಂತು ದೊಡ್ಡ ಸುತ್ತಿಗೆಯಿಂದ ಏಟು ಹಾಕುವುದೂ ನನ್ನದೇ.

ಕಚೇರಿಯಲ್ಲಿ ದುಡಿದವರು ತಮ್ಮ ಸಾಹೇಬರ ಕತೆ ಹೇಳುತ್ತಾರೆ. ನನ್ನ ಸಾಹೇಬರು ನಮ್ಮ ಅತ್ತೆ. ಅವರ ತವರಿನವರು ಹಿತ್ತಾಳೆ ಎರಕ ಹೊಯ್ಯುವವರು. ಅತ್ತೆಗೆ ಬೆಂಕಿಯ ವಿಷಯದಲ್ಲಿ ಯಾರೂ ಏನೂ ಹೇಳಿಕೊಡುವ ಹಾಗಿರಲಿಲ್ಲ. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತ, ನನ್ನ ಕಡೆ ತಿರುಗಿಯೂ ನೋಡದೆ, ತಿದಿಯ ಸಪ್ಪಳದಿಂದಲೇ ತಪ್ಪು ಹಿಡಿಯುತ್ತಿದ್ದರು.

"ಏ ಕಾಳಿ, ಏನು ಅವಸರ? ತಿದಿ ನಿನ್ನ ವೈರಿ ಏನಲ್ಲ, ಗುದ್ದಬ್ಯಾಡ."

ಒಂದು ಸಲ ಕೋಟನೂರಿನ ಒಬ್ಬರು ಹೊಸ ಕೊಡಲಿ ಮಾಡಲು ಕೊಟ್ಟಿದ್ದರು. ಉಕ್ಕಿನ ಬಾಯಿ ಕೂಡಿಸುವ ಹೊತ್ತು. ನಾನು ಬೇಗ ಕಾಯಲಿ ಎಂದು ಜೋರಾಗಿ ಎಳೆದೆ. ಬೆಂಕಿಯೊಳಗಿಂದ ಚಿಟಿಚಿಟಿ ಎಂದು ಬಿಳಿ ಕಿಡಿ ಹಾರಿದವು. ನನಗೆ ನೋಡಲು ಚೆಂದ ಅನ್ನಿಸಿತು. ಯಜಮಾನರು ಹೊರಗೆ ತೆಗೆದು ಒಂದು ಏಟು ಹಾಕಿದ್ದೇ ಕೊಡಲಿಯ ಬಾಯಿ ಹಳೇ ಬೆಲ್ಲದ ಹಾಗೆ ಉದುರಿತು. ಉಕ್ಕು ಸುಟ್ಟುಹೋಗಿತ್ತು. ಅತ್ತೆ ಬೈಯಲಿಲ್ಲ. ಮರುದಿನ ಇಡೀ ಹಗಲು ನನ್ನನ್ನು ಕುಲುಮೆಯ ಪಕ್ಕದಲ್ಲಿ ಸುಮ್ಮನೆ ಕೂರಿಸಿ, ತಾವೇ ತಿದಿ ಎಳೆಯುತ್ತ, ಕಬ್ಬಿಣದ ಬಣ್ಣ ಹೇಳಿಸಿದರು. ಒಣಗಿದ ರಕ್ತದ ಬಣ್ಣ, ಹಣ್ಣಾದ ಮೆಣಸಿನಕಾಯಿ, ಕಿತ್ತಳೆ, ಅರಿಶಿನ. ಉಕ್ಕನ್ನು ಅರಿಶಿನ ದಾಟಿ ಬೆಳ್ಳಗಾಗಲು ಬಿಡಬಾರದು. ಸಂಜೆಗೆ ನನ್ನ ಕಣ್ಣೊಳಗೆ ಬರೀ ಹಸಿರು ಚುಕ್ಕೆ ಕುಣಿಯುತ್ತಿದ್ದವು. ಆದರೆ ಆಮೇಲೆ ಬಣ್ಣದಲ್ಲಿ ನಾನು ತಪ್ಪಲಿಲ್ಲ.

ಮೊದಮೊದಲು ನಾವು ಕಟ್ಟಿಗೆಯ ಇದ್ದಲು ಸುಡುತ್ತಿದ್ದೆವು. ಆಮೇಲೆ ಅದು ಸಿಗುವುದು ಕಷ್ಟವಾಗಿ ಕಲ್ಲಿದ್ದಲು ತರಿಸತೊಡಗಿದೆವು. ಕಾವು ಹೆಚ್ಚು, ಕೆಲಸ ಬೇಗ. ಆದರೆ ಹೊತ್ತಿಸುವಾಗ ಏಳುವ ಆ ಹಳದಿ ಹೊಗೆ ಬೇರೆಯೇ. ತಿದಿಯವಳು ಕೂರುವುದು ಹೊಗೆಯ ಪಕ್ಕದಲ್ಲೇ. ಒಂದು ಚಳಿಗಾಲ ನನಗೆ ಕೆಮ್ಮು ಹತ್ತಿತು. ಬೇಸಿಗೆ ಬಂದರೂ ಬಿಡಲಿಲ್ಲ. ರಾತ್ರಿ ಮಲಗಿದರೆ ಎದೆಯೊಳಗೆ ಹರಿದ ತಿದಿಯ ಹಾಗೆ ಸುಯ್ ಸುಯ್ ಸಪ್ಪಳ. ದವಾಖಾನೆಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಕೇಳಿ, ಔಷಧ ಬರೆದುಕೊಟ್ಟು, ಯಜಮಾನರ ಕಡೆ ತಿರುಗಿದರು.

"ಔಷಧದಿಂದ ಅರ್ಧ ಆಗತದ. ಉಳಿದರ್ಧ ನಿಮ್ಮ ಕೈಯಾಗ ಅದ. ಇವರನ್ನ ಮತ್ತ ಆ ಹೊಗಿ ಮುಂದ ಕೂಡಿಸಿದ್ರ ನಾ ಏನೂ ಮಾಡಾಕ ಬರಂಗಿಲ್ಲ."

ಮನೆಗೆ ಬಂದು ಅದನ್ನು ಅತ್ತೆಗೆ ಹೇಳಿದೆವು. ಅವರಿಗಾಗಲೇ ಕೈಕಾಲು ನೋವು, ತಿದಿ ಎಳೆಯುವ ಶಕ್ತಿ ಇರಲಿಲ್ಲ. ನಮಗೆ ಇನ್ನೂ ಮಕ್ಕಳಾಗಿರಲಿಲ್ಲ. ಆಳು ಇಟ್ಟುಕೊಂಡರೆ ಹಬ್ಬಕ್ಕೆ ಊರಿಗೆ ಹೋದವನು ಬರುತ್ತಿರಲಿಲ್ಲ, ಅದನ್ನು ನೋಡಿದ್ದೆವು. ಅತ್ತೆ ನನ್ನ ಮುಂದೆಯೇ, ಮುಚ್ಚುಮರೆಯಿಲ್ಲದೆ, ಮಗನಿಗೆ ಹೇಳಿದರು.

"ಮೋನ್ಯಾ, ಇನ್ನೊಂದು ಲಗ್ನ ಮಾಡ್ಕೋ. ಇಕಿ ಮನಿಯಾಗಽ ಇರಲಿ, ಅಡಗಿ ಮಾಡಲಿ. ನಾ ಇಕಿನ್ನ ಹೊರಗ ಹಾಕು ಅನ್ನಾಕತ್ತಿಲ್ಲ. ತಿದಿಗೆ ಒಂದು ಜೀವ ಬೇಕು."

ಯಜಮಾನರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರು ಮೊದಲಿನಿಂದಲೂ ಹಾಗೆ, ಮಾತು ಕಡಿಮೆ. ಆದರೆ ಆ ದಿನದ ಆ ಮೌನ ನನಗೆ ಹೊಗೆಗಿಂತ ಹೆಚ್ಚು ಉಸಿರು ಕಟ್ಟಿಸಿತು.

ಸುದ್ದಿ ತಿಳಿದು ಕಮಲಾಪುರದಿಂದ ನನ್ನ ಅಣ್ಣ ಈರಣ್ಣ ಬಂದ. ಅವನು ಬಡಿಗ. ಗಾಡಿ, ಕೂರಿಗೆ, ಬಾಗಿಲು ಚೌಕಟ್ಟು ಮಾಡುವವನು. "ನಮ್ಮ ಮನ್ಯಾಗ ಹೊಗಿ ಇಲ್ಲ, ಬರೀ ಕಟಗಿ ಹೊಟ್ಟು. ನಾಕು ದಿನ ಬಂದಿರಲಿ" ಎಂದು ಕರೆದುಕೊಂಡು ಹೊರಟ. ಯಜಮಾನರು ಮೋಟಾರು ಬಸ್ಸಿನ ತನಕ ಗಂಟು ಹೊತ್ತು ತಂದರು. "ಔಷಧ ಬಿಡಬ್ಯಾಡ" ಎಂದರು.

ನಾಲ್ಕು ದಿನ ತಿಂಗಳುಗಳಾದವು. ಕಮಲಾಪುರದ ಕೆಂಪು ಬಾಳೆಯ ತೋಟಗಳ ಗಾಳಿಗೋ, ಔಷಧಕ್ಕೋ, ಕೆಮ್ಮು ಇಳಿಯಿತು. ಅತ್ತಿಗೆ ಒಳ್ಳೆಯವಳು, ಎರಡು ಹೊತ್ತು ಕರೆದು ಉಣ್ಣಿಸುತ್ತಿದ್ದಳು. ಆದರೆ ಕೈಗೆ ಕೆಲಸವಿಲ್ಲ. ಅಣ್ಣ ಉಳಿ ಮಸೆಯುವ ಸಪ್ಪಳ ಕೇಳಿದರೆ ಎದ್ದು ಹೋಗಿ ನಾನು ಮಸೆದುಕೊಡುತ್ತಿದ್ದೆ. ಅಷ್ಟೇ. ಕಲಬುರ್ಗಿಯಿಂದ ಔಷಧದ ಸೀಸೆ ತಪ್ಪದೆ ಬರುತ್ತಿತ್ತು, ಅದನ್ನು ಕಳಿಸುವವರು ಬರುತ್ತಿರಲಿಲ್ಲ.

ಒಂದು ದಿನ ಗಂಜಿಗೆ ಮಾಲು ಹಾಕಿ ಬಂದ ಗಾಡಿಯವನೊಬ್ಬ ಅಣ್ಣನ ಅಂಗಳದಲ್ಲಿ ಕೂತು ಹೇಳಿದ.

"ನಿಮ್ಮ ಮೋನಪ್ಪ ಈಗ ಒಬ್ಬನಽ ದುಡೀತಾನ ನೋಡ್ರಿ. ತಿದಿ ಇಲ್ಲ, ಇದ್ದಲಿ ಇಲ್ಲ. ಒಂದು ಉದ್ದನ್ನ ಡಬ್ಬಿ, ಅದರಾಗ ಬೆಂಕಿ ಭೋರ್ ಅಂತದ. ಯಾರೂ ಬೇಕಿಲ್ಲ ಅವನಿಗೆ."

ಎರಡನೆಯ ಮದುವೆಯ ಸುದ್ದಿ ಬರಬಹುದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಈ ಸುದ್ದಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇನ್ನೊಬ್ಬಳು ಬಂದಿದ್ದರೆ ಅವಳಿಗೆ ತಿದಿ ಹೇಳಿಕೊಡಲಿಕ್ಕಾದರೂ ನನ್ನ ಅಗತ್ಯ ಬೀಳುತ್ತಿತ್ತು. ಯಾರೂ ಬೇಡ ಎಂದಮೇಲೆ ನಾನು ಎಲ್ಲಿಗೆ ಹೋಗಲಿ? ಮರುದಿನ ಅಣ್ಣನ ಮಾತನ್ನೂ ಕೇಳದೆ ಮೋಟಾರು ಹತ್ತಿದೆ.

ಅತ್ತ ಕಲಬುರ್ಗಿಯಲ್ಲಿ ಏನು ನಡೆದಿತ್ತು ಎಂಬುದನ್ನು ಆಮೇಲೆ ಕಾಸೀಮ್ ಸಾಬರು ನನಗೆ ಹೇಳಿದರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಇಂಥದ್ದೊಂದು ಕಟ್ಟಿಕೊಳ್ಳುವುದಾದರೆ ನಿಮಗೆ ಬೇಕಾಗುವುದು ಇದೇ ಭಾಗ.

ಕಾಸೀಮ್ ಸಾಬರದು ನಮ್ಮೆದುರಿನ ಅಂಗಡಿ. ಮದುವೆ ಮೆರವಣಿಗೆಗಳಿಗೆ ಸೀಮೆಎಣ್ಣೆಯಿಂದ ಉರಿಯುವ ಗ್ಯಾಸ್ ಬತ್ತಿ ಬಾಡಿಗೆಗೆ ಕೊಡುವುದು, ಕೆಟ್ಟ ಬತ್ತಿ ರಿಪೇರಿ ಮಾಡುವುದು ಅವರ ಕಸಬು. ನಾನು ಊರಿಗೆ ಹೋದಮೇಲೆ ಯಜಮಾನರು ದಿನಾ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರಂತೆ. ಒಂದು ದಿನ, "ಈ ಬತ್ತಿ ಇಷ್ಟು ಬೆಳ್ಳಗ ಹ್ಯಾಂಗ ಉರಿತದ? ಗಾಳಿ ಯಾರು ಊದತಾರ?" ಎಂದು ಕೇಳಿದರು.

"ಊದೋದು ನಕ್ಕೋ ಭಾಯಿ, ಬೇಕಽ ಇಲ್ಲ" ಎಂದರು ಕಾಸೀಮ್ ಸಾಬರು. "ಟಾಕಿಗೆ ಪಂಪ್ ಹೊಡದ್ರ ಘಾಸಲೇಟ್ ಮ್ಯಾಲ ಏರತದ. ನಳಿಗಿ ಕಾದಿರತದಲ್ಲ, ಅದರಾಗ ಎಣ್ಣಿ ಉಗಿ ಆಗತದ, ಅದಽ ಗ್ಯಾಸ್. ಈ ನಿಪ್ಪಲ್ ತೂತಿನಿಂದ ಜೋರ್ಲೆ ಹೊರಗ ಬರತದ, ಬರೋವಾಗ ಸುತ್ತಲಿನ ಗಾಳೀನ ತಾನಽ ಎಳಕೋತದ."

"ತಾನಽ ಎಳಕೋತದ?"

"ತಾನಽ."

ಯಜಮಾನರು ಎದ್ದು ಮನೆಗೆ ಹೋದರಂತೆ. ಮರುದಿನ ಕೆಟ್ಟ ಬತ್ತಿಯೊಂದನ್ನು ತೆಗೆದುಕೊಂಡು ಇಬ್ಬರೂ ಕೆಲಸ ಶುರು ಮಾಡಿದರು.

ಮೊದಲ ಸಲ ಬತ್ತಿಯ ಉರಿಯನ್ನು ಬಯಲಲ್ಲೇ ಕಬ್ಬಿಣದ ಸಲಾಕೆಗೆ ಹಿಡಿದರು. ಸಲಾಕೆ ರಕ್ತದ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು. ಕಾವೆಲ್ಲ ಹೊರಗೆ ಹೋಗುತ್ತಿತ್ತು. ಬೆಂಕಿಗೆ ಮನೆ ಬೇಕು ಎಂದು ತಿಳಿಯಿತು. ಮೊಣಕೈಯಷ್ಟು ಉದ್ದದ ಅಗಲವಾದ ಕಬ್ಬಿಣದ ಕೊಳವೆಯ ತುಂಡು ತಂದು ಒಳಗೆಲ್ಲ ಮಣ್ಣು ಮೆತ್ತಿದರು. ಕೈಗೆ ಸಿಕ್ಕ ಎರೆಮಣ್ಣು. ಹಸಿ ಇರುವಾಗಲೇ ಬೆಂಕಿ ಹಚ್ಚಿದರು. ಢಂ ಎಂದು ಮಣ್ಣಿನ ಹೆಂಟೆಗಳು ಒಳಗಿಂದ ಸಿಡಿದು ಬಂದವು. ಕಾಸೀಮ್ ಸಾಬರ ಹುಬ್ಬು ಸುಟ್ಟಿತು.

ಸಪ್ಪಳಕ್ಕೆ ಅತ್ತೆ ಹೊರಗೆ ಬಂದರು. ಈ ಎಲ್ಲ ಉಸಾಬರಿ ಅವರಿಗೆ ಮೊದಲಿನಿಂದ ಹಿಡಿಸಿರಲಿಲ್ಲ. ಎರಡು ಕಡೆ ಹೆಣ್ಣು ನೋಡಿ ಇಟ್ಟಿದ್ದರು. ನೆಲದ ಮೇಲೆ ಬಿದ್ದ ಹೆಂಟೆಯೊಂದನ್ನು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದರು.

"ಇದಕ್ಕ ಮಣ್ಣು ಅಂತಾರೇನು? ಎರಿ ಮಣ್ಣು ಒಣಗಿದ್ರ ಹೊಲದಾಗ ಕಾಲು ಹೋಗೂವಂಗ ಬಿರೀತದ. ಬೆಂಕ್ಯಾಗ ನಿಂದ್ರತದೇನು? ನನ್ನ ಕೇಳಾಕ ಏನಾಗಿತ್ತು ನಿನಗ?"

"ನೀ ಬ್ಯಾಡ ಅಂತೀ ಅಂತ…"

"ಬ್ಯಾಡ ಅಂತೀನಿ. ಆದ್ರ ಮಾಡೂದಿದ್ರ ನೆಟ್ಟಗ ಮಾಡು."

ಎರಕದವರ ಮಗಳು ಅವರು. ಮೂಸೆಯ ಮಣ್ಣು ಕಲಸುವುದು ಅವರಿಗೆ ರೊಟ್ಟಿಯ ಹಿಟ್ಟು ಕಲಸಿದಷ್ಟೇ ಸಲೀಸು. ಹುತ್ತದ ಮಣ್ಣು ತರಿಸಿದರು. ಹತ್ತಿ ಬಿಡಿಸುವ ಜಿನ್ನಿನ ಬಾಯ್ಲರು ಬಿಚ್ಚಿ ಕಟ್ಟುವಾಗ ಎಸೆದ ಬಿಳಿ ಇಟ್ಟಿಗೆಯ ಚೂರುಗಳನ್ನು ಕುಟ್ಟಿ ಪುಡಿ ಮಾಡಿಸಿದರು. ಟಾಂಗಾ ಅಡ್ಡೆಯಿಂದ ಕುದುರೆ ಲದ್ದಿ ತಂದು ಒಣಗಿಸಿ ಸಾಣಿಸಿದರು. ಎಲ್ಲ ಕೂಡಿಸಿ, ಜೋಳದ ಹೊಟ್ಟು ಹಾಕಿ, ತುಳಿದು, ರಾತ್ರಿಯೆಲ್ಲ ಒದ್ದೆ ಅರಿವೆಯಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಕೊಳವೆಯೊಳಗೆ ತಮ್ಮ ಕೈಯಿಂದಲೇ ಮೆತ್ತಿದರು. ನೆರಳಲ್ಲಿ ಒಣಗಲು ಬಿಟ್ಟರು. ಯಜಮಾನರು ಅವಸರ ಮಾಡಿದರೆ ಕೈಮೇಲೆ ಹೊಡೆದರಂತೆ. ಪೂರ್ತಿ ಒಣಗಿದಮೇಲೆ ಮೊದಲು ಒಳಗೆ ನಾಲ್ಕು ಸಗಣಿ ಕುಳ್ಳಿನ ಸಣ್ಣ ಉರಿ, ಆಮೇಲೆ ದೊಡ್ಡದು. ಒಂದು ಎಳೆ ಬಿರುಕೂ ಬರಲಿಲ್ಲ.

ಉಳಿದದ್ದು ಉರಿಯ ಲೆಕ್ಕ. ಬತ್ತಿಯ ನಿಪ್ಪಲಿನ ತೂತು ಕುಲುಮೆಗೆ ಚಿಕ್ಕದು. ಕಾಸೀಮ್ ಸಾಬರು ಅದನ್ನು ದೊಡ್ಡದು ಮಾಡಿದರು. ಉರಿ ಬಾಯಿಬಿಟ್ಟು ಹಾರಿಹೋಗಿ ಆರತೊಡಗಿತು. ಗ್ಯಾಸೂ ಗಾಳಿಯೂ ಬೆರೆಯುವ ನಳಿಗೆಯನ್ನು ಉದ್ದ ಮಾಡಿ, ತುದಿಯನ್ನು ತುತ್ತೂರಿಯ ಹಾಗೆ ತುಸು ಅಗಲಿಸಿದರು, ನಿಂತಿತು. ನಳಿಗೆಯನ್ನು ನೇರ ನಡುವಿಗೆ ಹಿಡಿದರೆ ಉರಿ ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಓರೆಯಾಗಿ ಹಿಡಿದಾಗ ಒಳಗೆಲ್ಲ ಸುತ್ತುಹಾಕಿ ಉರಿಯಿತು, ಮಣ್ಣೇ ಕೆಂಪಗೆ ಹೊಳೆಯಿತು. ಹಳದಿ ಉರಿ, ಮಸಿ ಬಂದರೆ ಗಾಳಿ ಸಾಲದು. ನೀಲಿ ಬಂದು ಭೋರೆಂದರೆ ಸರಿ. ಎಣ್ಣೆಯ ಟಾಕಿಯನ್ನು ಉದ್ದ ನಳಿಗೆ ಹಾಕಿ ಗೋಡೆಯ ಆ ಬದಿಗೆ ಇಟ್ಟರು. ಕಾದಿರುವಾಗ ಅದರ ಬಾಯಿ ತೆಗೆಯಬಾರದು, ಎಣ್ಣೆ ತುಂಬಬಾರದು. ಇದನ್ನು ಮೊಮ್ಮಗಳಿಗೆ ಎರಡು ಸಲ ಬರೆ ಎಂದೆ. ಕಾದಿರುವಾಗ ಎಣ್ಣೆ ತುಂಬಬಾರದು.

ನಾನು ಮೋಟಾರು ಇಳಿದು ಬಂದಾಗ ಆ ಡಬ್ಬಿ, ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ, ಭೋರೆನ್ನುತ್ತಿತ್ತು. ತಿದಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಯಜಮಾನರು ನನ್ನನ್ನು ನೋಡಿ ಉರಿ ಆರಿಸಿದರು. ಸಪ್ಪಳ ನಿಂತಿತು.

"ಕೆಮ್ಮು ಹ್ಯಾಂಗ ಅದ?" ಎಂದು ಕೇಳಿದರು.

"ಕೆಮ್ಮು ಹೋಗ್ಯದ. ನಾನೂ ಹೋಗಬೇಕೇನು, ಹೇಳ್ರಿ" ಎಂದೆ. ಮದುವೆಯಾದಾಗಿನಿಂದ ಅವರ ಮುಂದೆ ಅಷ್ಟು ದನಿ ಏರಿಸಿದ್ದಿಲ್ಲ. "ತಿದಿ ತಗದು ಮೂಲಿಗೆ ಇಟ್ಟೀರಿ. ಇನ್ನ ಈ ಮನ್ಯಾಗ ನನ್ನದೇನು ಕೆಲಸ?"

ಅವರು ಇಕ್ಕಳವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

"ಇನ್ನೊಬ್ಬಾಕಿನ್ನ ತರೂದು ನನ್ನ ಕೈಲೆ ಆಗ್ತಿರಲಿಲ್ಲ. ಅದಕ್ಕ ಇದು ಮಾಡೀನಿ. ಅಷ್ಟಽ ನನಗ ಗೊತ್ತಿತ್ತು. ನಿನ್ನ ಕೆಲಸದ್ದು ನಾ ವಿಚಾರ ಮಾಡಿಲ್ಲ."

"ಒಂದು ಮಾತು ಹೇಳಿ ಕಳಿಸಾಕ ಬರ್ತಿರಲಿಲ್ಲೇನು?"

"ಆಗದಿದ್ರ? ಆಗದಿದ್ದದ್ದು ಹೇಳಿ ಕಳಿಸಿ ಏನು ಮಾಡೂದು?"

ಒಳಗಿಂದ ಅತ್ತೆ ಕೂಗಿದರು. "ಬಂದಾಕಿಗೆ ನೀರು ಕೊಡ್ತಿಯೋ, ಪಂಚಾಯ್ತಿ ಮಾಡ್ತಿಯೋ?" ಅಲ್ಲಿಗೆ ಆ ಮಾತು ಮುಗಿಯಿತು. ಮದುವೆಯ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಎತ್ತಲಿಲ್ಲ ಎಂದು ಹೇಳಿಕೊಳ್ಳಲೂ ಇಲ್ಲ.

ನನಗೆ ಕೆಲಸ ಸಿಕ್ಕಿದ್ದು ಹೀಗೆ. ಯಜಮಾನರಿಗೆ ಆ ಉರಿ ಪಳಗಿರಲಿಲ್ಲ. ಅಷ್ಟು ವರ್ಷ ಅವರು "ಸಾಕು", "ಇನ್ನೂ ಬೇಕು" ಎನ್ನುವುದು, ನಾನು ಕಾವು ಏರಿಸಿ ಇಳಿಸುವುದು. ಈಗ ತಾವೇ ಪಂಪು ಹೊಡೆಯಬೇಕು, ನಿಪ್ಪಲು ಕಟ್ಟಿದರೆ ಪಿನ್ನು ಹಾಕಿ ಬಿಡಿಸಬೇಕು, ಉರಿ ನೋಡಬೇಕು, ಬಡಿಯಬೇಕು. ಕಬ್ಬಿಣ ಒಂದೋ ಕಾಯುತ್ತಿರಲಿಲ್ಲ, ಇಲ್ಲವೇ ಹೆಚ್ಚು ಕಾಯುತ್ತಿತ್ತು. ನಾನು ಉರಿಯ ಹತ್ತಿರ ನಿಂತೆ. ಆ ಡಬ್ಬಿಯೊಳಗೆ ಕೆಂಡದ ಅಡ್ಡಿಯಿಲ್ಲ, ಕಬ್ಬಿಣದ ಬಣ್ಣ ಬಿಸಿಲಲ್ಲಿಟ್ಟ ಹಾಗೆ ಕಾಣುತ್ತಿತ್ತು. ನೋಡುತ್ತ ನೋಡುತ್ತ ಇಕ್ಕಳ ನನ್ನ ಕೈಗೆ ಬಂತು. ಅವರು ಟಾಂಗಾದ ಪಟ್ಟಿಗೆ ಹೊರಗೆ ಕುಳ್ಳಿನ ಬೆಂಕಿ ಹಾಕಿಕೊಂಡರೆ, ಒಳಗೆ ಸಣ್ಣ ಸುತ್ತಿಗೆ ಹಿಡಿದು ಕುಡುಗೋಲು, ಚೂರಿ ನಾನೇ ಬಡಿಯತೊಡಗಿದೆ. ಗಾಡಿಪಟ್ಟಿಯಂಥ ದೊಡ್ಡ ಕೆಲಸ ಗ್ಯಾಸ್ ಕುಲುಮೆಗೆ ಆಗುವುದಿಲ್ಲ. ಎರಡು ಕಬ್ಬಿಣ ಬೆಸೆಯುವುದೂ ಅದರಲ್ಲಿ ಕಷ್ಟ. ಆಗುವುದಿಲ್ಲ ಎನ್ನುವುದನ್ನು ಗಿರಾಕಿಗೆ ಮೊದಲೇ ಹೇಳಬೇಕು.

ಆ ವರ್ಷದ ಚಳಿಗಾಲದಲ್ಲೇ ನಾವಿಬ್ಬರೂ ಸಾಯಬೇಕಿತ್ತು. ಒಂದು ಬೆಳಿಗ್ಗೆ ಗಾಳಿ ಕೊರೆಯುತ್ತಿತ್ತು, ಉರಿ ಅಲುಗಾಡುತ್ತಿತ್ತು. ಯಜಮಾನರು ಬಾಗಿಲು ಕಿಟಕಿ ಎರಡೂ ಹಾಕಿದರು. ಹೊಗೆಯಿಲ್ಲವಲ್ಲ, ಏನಾದೀತು ಎಂದು ನಮ್ಮ ಲೆಕ್ಕ. ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ರಾತ್ರಿ ನಿದ್ದೆಯಾಗಿಲ್ಲ ಅಂದುಕೊಂಡೆ. ಸುತ್ತಿಗೆ ಎತ್ತಿದರೆ ಕೈ ನನ್ನದಲ್ಲ ಅನ್ನಿಸಿತು. ಯಜಮಾನರ ಕಡೆ ನೋಡಿದೆ. ಅವರು ಗೋಡೆಗೆ ಒರಗಿ ಕೂತಿದ್ದರು, ಕಣ್ಣು ತೆರೆದೇ ಇತ್ತು, ಕರೆದರೆ ಓಗೊಡಲಿಲ್ಲ. ಏಳಬೇಕು ಎನ್ನುವುದು ತಿಳಿಯುತ್ತಿತ್ತು, ಕಾಲು ಏಳುತ್ತಿರಲಿಲ್ಲ.

ಸುತ್ತಿಗೆಯ ಸಪ್ಪಳ ನಿಂತದ್ದು ಒಳಗೆ ಅತ್ತೆಗೆ ಕೇಳಿತು. ಅವರು ಬಂದು ಬಾಗಿಲು ಒದ್ದು, ನೋಯುವ ಕಾಲಲ್ಲೇ ನನ್ನ ಸೆರಗು ಹಿಡಿದು ಎಳೆದು ಹೊರಗೆ ಹಾಕಿ, ಬೀದಿಗೆ ಕೇಳುವ ಹಾಗೆ ಚೀರಿದರು. ಕಾಸೀಮ್ ಸಾಬರು ಓಡಿ ಬಂದು ಯಜಮಾನರನ್ನು ಹೊತ್ತು ಹಾಕಿದರು. ಚಳಿಗಾಳಿಯಲ್ಲಿ ಮಲಗಿ ಇಬ್ಬರೂ ವಾಂತಿ ಮಾಡಿಕೊಂಡೆವು. ಕಾಸೀಮ್ ಸಾಬರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಖತಾ ನನ್ನದು ಭಾಭಿ, ತಪ್ಪು ನನ್ನದು. ಬತ್ತಿ ಬಯಲಾಗ ಉರಿತಿತ್ತು, ಹಂಗಾಗಿ ನನಗ ಹೊಳೀಲಿಲ್ಲ. ಮುಚ್ಚಿದ ಕೋಣ್ಯಾಗ ಇದು ಹವಾ ಎಲ್ಲಾ ತಿಂದು, ಜಹರ್ ಉಗುಳತದ, ವಿಷ. ವಾಸನಿ ಇಲ್ಲ, ಹೊಗಿ ಇಲ್ಲ."

ಅತ್ತೆ ಅವತ್ತೇ ಆ ಕುಲುಮೆಯನ್ನು ಹೊರಗಿನ ಚಪ್ಪರದ ಕೆಳಗೆ ಹಾಕಿಸಿದರು. ಮೂರು ಕಡೆ ಬಯಲು. ಮಳೆ ಬಂದರೆ ಕೆಲಸ ನಿಲ್ಲಲಿ, ಒಳಗೆ ಮಾತ್ರ ತರಕೂಡದು ಎಂದರು. ಹೊಗೆ ಕಂಡರೆ ನೀವೇ ದೂರ ಸರಿಯುತ್ತೀರಿ. ಕಾಣದ್ದಕ್ಕೆ ಬಾಗಿಲು ತೆರೆದಿಟ್ಟುಕೊಂಡು ಕೆಲಸ ಮಾಡಬೇಕು.

ಇನ್ನು ಬಾಳೆ ಕತ್ತಿಯ ವಿಷಯ. ಕಮಲಾಪುರದ ತೋಟಗಾರರಿಗೆ ಗೊನೆ ಕೊಯ್ಯಲು ಉದ್ದ ಹಿಡಿಯ, ಬಾಗಿದ ತೆಳು ಕತ್ತಿ ಬೇಕು. ನಾನು ಬಡಿದ ಕತ್ತಿಗಳಿಗೆ ಅಣ್ಣ ಈರಣ್ಣ ಹಿಡಿ ಹಾಕಿ ಅಲ್ಲಿ ಕೊಟ್ಟ. ಯಾರು ಮಾಡಿದ್ದು ಎಂದು ಅವನು ಹೇಳಲಿಲ್ಲ, ಅವರು ಮೋನಪ್ಪನದು ಎಂದುಕೊಂಡರು. ಸುಗ್ಗಿ ಶುರುವಾದ ಕೆಲವೇ ದಿನಕ್ಕೆ ಅಣ್ಣ ಬಿಸಿಲಲ್ಲಿ ಬೆವರುತ್ತ ಬಂದ.

"ಕಾಳವ್ವ, ಕತ್ತಿ ಮುರದಾವ. ಗೊನಿ ಕೊಯ್ಯೋವಾಗ ಒಂದು ಚೂರು ಹಾರಿ ಹಣಮಂತ ಅನ್ನಾಂವನ ಗಲ್ಲ ಸೀಳ್ಯದ. ಕಣ್ಣು ಉಳದದ್ದಽ ಪುಣ್ಯ. ಊರ ಗೌಡ್ರು ಎಲ್ಲಾ ಕತ್ತಿ ಅಂಗಳದಾಗ ಗುಂಪಿ ಹಾಕ್ಯಾರ."

ಮುರಿದ ತುಂಡನ್ನು ತಂದಿದ್ದ. ಮುರಿದ ಜಾಗ ನೋಡಿದರೆ ನುಣ್ಣಗೆ, ಬೂದು ಬಣ್ಣ, ಗಾಜಿನ ಹಾಗೆ. ನೀರು ಕುಡಿಸಿದ್ದು, ಎಂದರೆ ಕೆಂಪಗೆ ಕಾದದ್ದನ್ನು ನೀರಿಗದ್ದಿ ಗಡಸು ಮಾಡಿದ್ದು, ಅತಿಯಾಗಿತ್ತು. ಯೋಚಿಸಿದಾಗ ಕಾರಣ ಹೊಳೆಯಿತು. ಇದ್ದಲು ಕುಲುಮೆಯಲ್ಲಿ ಕತ್ತಿಯ ಬಾಯಷ್ಟನ್ನೇ ನೀರಿಗೆ ಹಿಡಿಯುತ್ತಿದ್ದೆವು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಗೆ ಹರಿದು ತಾನಾಗಿ ಹದಕ್ಕೆ ಬರುತ್ತಿತ್ತು. ಗ್ಯಾಸ್ ಕುಲುಮೆಯಲ್ಲಿ ತೆಳು ಕತ್ತಿ ಇಡಿಯಾಗಿ ಒಂದೇ ಸಮ ಕಾಯುತ್ತದೆ, ನಾನು ಇಡಿಯಾಗಿಯೇ ನೀರಿಗೆ ಅದ್ದಿದ್ದೆ. ಕಾವು ಮರಳಿ ಬರಲು ಎಲ್ಲೂ ಉಳಿದಿರಲಿಲ್ಲ. ಬೆಂಕಿ ಬದಲಾದರೆ ನೀರೂ ಬದಲಾಗಬೇಕು ಎನ್ನುವುದು ನನಗೆ ಹೊಳೆದಿರಲಿಲ್ಲ.

ಯಜಮಾನರು, "ನಾ ಹೋಗಿ ಬರ್ತೀನಿ. ಮಾಡಿದ್ದು ನಾನಽ ಅಂತ ಅವರ ತಲ್ಯಾಗ ಅದ. ಹಂಗಽ ಇರಲಿ" ಎಂದರು. ನನ್ನನ್ನು ಕಾಯಲೆಂದೇ ಅಂದದ್ದು.

"ಹದ ತಪ್ಪಿದ್ದು ನನ್ನ ಕೈಯಾಗ. ನೀವು ಹೋಗಿ ಏನು ನೋಡತೀರಿ? ನಾನಽ ಹೋಗಬೇಕು" ಎಂದೆ. ಅವರು ಕುಲುಮೆಯನ್ನು ಹುಲ್ಲಿನ ಮೇಲೆ ಮಲಗಿಸಿ, ಟಾಕಿ, ಸಣ್ಣ ಅಡಿಗಲ್ಲು, ಇಕ್ಕಳ ಎಲ್ಲ ಅಣ್ಣನ ಗಾಡಿಗೆ ಏರಿಸಿಕೊಟ್ಟರು. ಪಿನ್ನು ಎರಡು ಹೆಚ್ಚು ಇಟ್ಟರು.

ಗೌಡರ ಅಂಗಳದಲ್ಲಿ ತೋಟಗಾರರು ಕೂತಿದ್ದರು. ಹಣಮಂತನ ಗಲ್ಲಕ್ಕೆ ಅರಿವೆ ಕಟ್ಟಿತ್ತು. ಗೌಡರು ಗಾಡಿಯ ಕಡೆ ನೋಡಿದರು.

"ಮೋನಪ್ಪ ಎಲ್ಲಿ?"

"ಅವರು ಬಂದಿಲ್ಲರಿ. ಕತ್ತಿ ಬಡದಾಕಿ ನಾನು. ನೀರು ಹೆಚ್ಚು ಕುಡಿಸೀನಿ, ಗಡಸಾಗ್ಯಾವ. ಸರಿ ಮಾಡಿ ಕೊಡಾಕ ಬಂದೀನಿ."

ಯಾರೋ ಹಿಂದಿನಿಂದ, "ಹೆಣ್ಮಗಳು ಬಡದದ್ದಾ? ಅದಕ್ಕಽ ಮತ್ತ" ಎಂದರು. ಕೆಲವರು ನಕ್ಕರು. ಅಣ್ಣ ನೆಲ ನೋಡಿದ. ನಾನು ಹಣಮಂತನ ಹತ್ತಿರ ಹೋಗಿ, "ತ್ರಾಸ ಭಾಳ ಅದೇನಪ್ಪ?" ಎಂದು ಕೇಳಿದೆ.

"ಅದ ಯವ್ವ" ಎಂದ ಅವನು. ನನ್ನ ಮುಖ ನೋಡಿ, "ಮಾಡು. ಆದ್ರ ಮುರೀಯೂದಿದ್ರ ಈ ಸಲ ನಿನ್ನ ಮುಂದಽ ಮುರೀಲಿ" ಎಂದ.

ಬೇವಿನ ಮರದ ಕೆಳಗೆ ಕುಲುಮೆ ಹೂಡಿದೆ. ಅದು ಭೋರೆಂದಾಗ ದನಗಳು ಹಗ್ಗ ಜಗ್ಗಿದವು. ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಕೆಂಪಗೆ ಕಾಯಿಸಿ ಅಡಿಗಲ್ಲ ಮೇಲಿಟ್ಟು, ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ಕತ್ತಿಯ ಬೆನ್ನನ್ನು ಅದಕ್ಕೆ ತಾಗಿಸಿ ಹಿಡಿದೆ. ಬೆನ್ನಿನಿಂದ ಬಣ್ಣ ಹೊರಟಿತು. ಮೊದಲು ಒಣ ದಂಟಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ಬದನೆಕಾಯಿಯ ಬಣ್ಣ. ಹಳದಿ ಬಾಯಿಗೆ ಮುಟ್ಟಿ ಕಂದಾಗುವ ಹೊತ್ತಿಗೆ ನೀರಿಗೆ ಬಿಟ್ಟೆ. ಅಷ್ಟೇ ಕೆಲಸ. ಒಂದು ರೆಪ್ಪೆ ಬಡಿಯುವಷ್ಟು ತಡವಾದರೆ ಕತ್ತಿ ಮೆತ್ತಗಾಗುತ್ತದೆ, ಬೇಗ ತೆಗೆದರೆ ಮತ್ತೆ ಇನ್ನೊಬ್ಬನ ಗಲ್ಲ.

ಹಣಮಂತ ಮೊದಲ ಕತ್ತಿಯನ್ನು ತೆಗೆದುಕೊಂಡ. ಒಣ ಬಿದಿರಿನ ಗಳಕ್ಕೆ ಹೊಡೆದ. ನಂತರ ಅದರ ತುದಿಯನ್ನು ಗಾಡಿಯ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸಿ, ಮೈಭಾರ ಬಿಟ್ಟು ಬಗ್ಗಿಸಿದ. ನಾನು ಮುಖ ತಿರುಗಿಸಲಿಲ್ಲ. ಕತ್ತಿ ಬಾಗಿತು, ಬಿಟ್ಟಾಗ ಟಣ್ ಎಂದು ನೆಟ್ಟಗಾಯಿತು. ಅವನು ಬಾಯಿಯನ್ನು ಉಗುರಿನಿಂದ ಮುಟ್ಟಿ ನೋಡಿ ತನ್ನ ಪಕ್ಕಕ್ಕೆ ಇಟ್ಟುಕೊಂಡ. ಗುಂಪಿಯಿಂದ ಎರಡನೆಯದನ್ನು ಎತ್ತಿ ನನಗೆ ಕೊಟ್ಟವನೂ ಅವನೇ.

ಮಧ್ಯಾಹ್ನಕ್ಕೆ ಗುಂಪಿ ಕರಗಿತು. ಗಂಡಸರು ಕತ್ತಿ ತೆಗೆದುಕೊಂಡು ತೋಟಕ್ಕೆ ಹೋದರು. ನಾನು ಉರಿ ಆರಿಸಬೇಕು ಎನ್ನುವಾಗ ಗೌಡರ ತಾಯಿ ಒಳಗಿಂದ ಈಳಿಗೆ ಹಿಡಿದು ಬಂದರು. ಬಾಗಿಲ ಮರೆಯಲ್ಲಿ ನಿಂತು ಎಲ್ಲ ನೋಡಿದ್ದರಂತೆ.

"ಇದರ ಬಾಯಿ ಸತ್ತು ಎಷ್ಟೋ ವರ್ಷ ಆತು. ಗಂಡಸರಿಗೆ ಹೇಳಿದ್ರ ನಾಳಿ ನಾಳಿ ಅಂತಾರ. ಇದೊಂದು ನೋಡವ್ವ."

ಅದನ್ನು ಕಾಯಿಸಿ, ಬಡಿದು, ಹೊಸ ಬಾಯಿ ತೆಗೆದು ಕೊಡುವಷ್ಟರಲ್ಲಿ ಪಕ್ಕದ ಮನೆಯವಳು ಬಂದಳು. ಅವಳ ಹಿಂದೆ ಇನ್ನಿಬ್ಬರು. ಈಳಿಗೆ, ಕಳೆ ತೆಗೆಯುವ ಕುರುಪಿ, ಮೊಂಡು ಕುಡುಗೋಲು ಹಿಡಿದು ಓಣಿಯ ಹೆಂಗಸರು ಬೇವಿನ ನೆರಳಲ್ಲಿ ಸಾಲಾಗಿ ಕೂತರು. ಸಂಜೆಯ ಮುಂಚೆ ಉರಿ ಹಳದಿಗೆ ತಿರುಗಿ ಕುಗ್ಗಿತು. ಟಾಕಿ ಬರಿದಾಗಿತ್ತು.

"ಎಣ್ಣಿ ಆತವ್ವ. ಇನ್ನೊಮ್ಮಿ ಬಂದಾಗ ಮಾಡಿಕೊಡ್ತೀನಿ" ಎಂದೆ.

ಕಾದು ಕೂತವರಲ್ಲಿ ಒಬ್ಬಳು ಎದ್ದು ಮನೆಗೆ ಹೋದಳು. ಬರುವಾಗ ಕೈಯಲ್ಲಿ ದೀಪದ ಬುಡ್ಡಿಯಿತ್ತು. "ಇದು ಹಾಕಿದ್ರ ಉರಿಯಂಗಿಲ್ಲೇನು?" ಎಂದಳು. ಉರಿಯುತ್ತದೆ ಎಂದೆ. ಉಳಿದವರೂ ಎದ್ದರು. ನಾನು ಟಾಕಿ ಆರುವ ತನಕ ಕಾದು, ಅದರ ಬಾಯಿಗೆ ತೆಳು ಅರಿವೆ ಕಟ್ಟಿ, ಅವರು ತಂದ ಬುಡ್ಡಿ, ಚಿಮಣಿ, ಕಂದೀಲುಗಳ ಎಣ್ಣೆಯನ್ನು ಒಂದೊಂದಾಗಿ ಸೋಸಿ ಸುರಿದುಕೊಂಡೆ. ಪಂಪು ಹೊಡೆದೆ. ಉರಿ ಮತ್ತೆ ನೀಲಿಗೆ ಬಂದು ಭೋರೆಂದಿತು. ಕೊನೆಯ ಈಳಿಗೆಯ ತನಕ ಸಾಕಾಯಿತು.

ಆ ಸಂಜೆ ಆ ಓಣಿಯಲ್ಲಿ ದೀಪ ಹಚ್ಚಲು ಎಣ್ಣೆ ಉಳಿದಿರಲಿಲ್ಲ. ಬೆಳಕಿರುವಾಗಲೇ ಒಲೆ ಹಚ್ಚಿ, ಹೊಸ ಬಾಯಿಯ ಈಳಿಗೆಗಳಲ್ಲಿ ಕಾಯಿಪಲ್ಯ ಹೆಚ್ಚಿ, ಹೊತ್ತು ಮುಳುಗುವ ಮೊದಲೇ ಎಲ್ಲರೂ ಉಂಡರು. ನಾನೂ ಉಂಡೆ.